ಡ್ರೈವರ್ ಪ್ಲೇಟು

ಹಾವೇರಿ ಡಿಪೋದಲ್ಲಿ ಆರೋಗ್ಯ ಶಿಬಿರ ನಡೆದ ದಿನ ಹುಲಿಗೇಶ ತೂಕದ ಯಂತ್ರದ ಮೇಲೆ ಮೂರು ಸಲ ನಿಂತ. ಮೊದಲ ಸಲ ನೂರಾ ಎಂಟು ಕಿಲೋ ಬಂತು.

"ಬೂಟು ಹಾಕ್ಕೊಂಡೇನ್ರಿ," ಎಂದ.

"ಕಳದು ನಿಂದರ್ರಿ," ಎಂದಳು ನರ್ಸು.

ಕಳೆದು ನಿಂತ. ನೂರಾ ಏಳೂವರೆ.

"ಕಿಸೇದಾಗ ಮೊಬೈಲ್ ಐತ್ರಿ."

"ಎಷ್ಟು ಕಿಲೋದ ಮೊಬೈಲ್ ತಗೊಂಡೀರಿ ಅಣ್ಣಾರ?" ಎಂದು ಹಿಂದಿನಿಂದ ದುರ್ಗಾ ಕೇಳಿದಳು. ಅವಳು ಅವನದೇ ಬಸ್ಸಿನ ಕಂಡಕ್ಟರು. ವಯಸ್ಸಿನಲ್ಲಿ ಅವನಿಗಿಂತ ಹದಿನೆಂಟು ವರ್ಷ ಚಿಕ್ಕವಳು, ಮಾತಿನಲ್ಲಿ ಹತ್ತು ವರ್ಷ ದೊಡ್ಡವಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಹುಲಿಗೇಶನೂ ನಕ್ಕ, ಇಂಥ ಕಡೆ ತಾನೂ ನಗದಿದ್ದರೆ ನಗು ಬೇಗ ನಿಲ್ಲುವುದಿಲ್ಲ. ಮೊಬೈಲನ್ನು ಅವಳ ಕೈಗಿಟ್ಟು ಇನ್ನೊಮ್ಮೆ ನಿಂತ. ನೂರಾ ಏಳೂವರೆ ಅಲ್ಲಾಡಲಿಲ್ಲ. ನರ್ಸು ಕೇಳದೆಯೇ ನೂರಾ ಎಂಟು ಎಂದು ಬರೆದುಕೊಂಡಳು.

ಸೊಂಟದ ಸುತ್ತಳತೆ ತೆಗೆಯುವಾಗ ಅವಳ ಕೈ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಲಿಲ್ಲ. ಟೇಪಿನ ತುದಿಯನ್ನು ಅವನ ಕೈಗೇ ಕೊಟ್ಟು, ದೇವರ ಗುಡಿ ಸುತ್ತಿದಂತೆ ಒಂದು ಸುತ್ತು ಬಂದಳು. ನೂರಾ ಹದಿನೆಂಟು ಸೆಂಟಿಮೀಟರ್. ರಕ್ತದೊತ್ತಡ ನೂರಾ ಅರವತ್ತೆಂಟಕ್ಕೆ ನೂರಾ ನಾಲ್ಕು. ಬರಿಹೊಟ್ಟೆಯ ಶುಗರ್ ನೂರಾ ತೊಂಬತ್ತು.

ಡಾಕ್ಟರ್ ಹುಮಾ ಕಾಗದವನ್ನು ಓದಿ ಮುಗಿಸಿ ಕನ್ನಡಕ ತೆಗೆದರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಬೆಳಗಿನಿಂದ ಒಂದೇ ಮಾತನ್ನು ಹೇಳಿ ಹೇಳಿ ದನಿ ಒಣಗಿತ್ತು.

"ಮುಂಜಾನಿಂದ ಅರವತ್ತೆರಡು ಮಂದಿನ್ನ ನೋಡೇನ್ರಿ ನಾನು. ಮೂವತ್ತೆಂಟು ಮಂದಿದು ಸೊಂಟ ಇರಬೇಕಾದ್ದಕ್ಕಿಂತ ದಾಟೇತಿ. ಅವರೊಳಗ ನೀವ ಮುಂದ. ಎದಿ, ಮೂತ್ರಪಿಂಡ, ಕಣ್ಣು, ಲಕ್ವ, ಎಲ್ಲಾದಕ್ಕೂ ಬಾಗಲಾ ತಗದು ಕುಂತೀರಿ. ನಿಮ್ಮ ವರ್ಷದ ಮೆಡಿಕಲ್ ಯಾವಾಗ?"

"ಏಪ್ರಿಲ್ ಹತ್ತಕ್ರಿ ಮೇಡಂ."

"ಆವತ್ತೂ ನಾನ ಇರತೇನಿ. ಇವತ್ತು ಜನವರಿ ಆರು. ಇವತ್ತಿನ ನಂಬರ್ ಆವತ್ತೂ ಹಿಂಗ ಇದ್ದರ ನಾ ಸಹಿ ಮಾಡಂಗಿಲ್ಲ. ನಿಮ್ಮ ಬೆನ್ನ ಹಿಂದ ಐವತ್ತು ಮಂದಿ ಕುಂತಿರತಾರ."

ಸಹಿ ಇಲ್ಲವೆಂದರೆ ಸ್ಟೇರಿಂಗ್ ಇಲ್ಲ. ಡಿಪೋದ ಒಳಗೆ ಟೈರಿಗೆ ಗಾಳಿ ಹಿಡಿಯುವುದೋ, ಗಾಡಿ ತೊಳೆಯುವ ಕಡೆ ಪೈಪು ಹಿಡಿಯುವುದೋ, ಅಂಥದೊಂದು ಕೆಲಸ. ಹುಲಿಗೇಶ ಅಂಥವರನ್ನು ದಿನಾ ನೋಡುತ್ತಿದ್ದ. ಒಂದು ಕಾಲದಲ್ಲಿ ಧೂಳೆಬ್ಬಿಸಿಕೊಂಡು ಬಂದವರು ಈಗ ಗೇಟಿನ ಹತ್ತಿರ ನಿಂತು, ಹೊರಗೆ ಹೋಗುವ ಬಸ್ಸುಗಳಿಗೆ ಕೈ ಮಾಡುತ್ತಿದ್ದರು. ಇಪ್ಪತ್ತೊಂದು ವರ್ಷ ಒಂದು ಕೋಳಿಗೂ ಗಾಡಿ ತಾಗಿಸದೆ ಓಡಿಸಿದ ಮನುಷ್ಯ ಅವನು. ಗುತ್ತಲದ ಅವನ ಓಣಿಯಲ್ಲಿ ಮೊದಲ ಸರಕಾರಿ ಡ್ರೈವರ್. ಮಗಳು ಸುಶ್ಮಿತಾ ರಾಣೆಬೆನ್ನೂರಿನ ಕಾಲೇಜಿಗೆ ಹೋಗುವುದೂ ಅವನದೇ ಬಸ್ಸಿನಲ್ಲಿ. ಗೆಳತಿಯರಿಗೆ "ನಮ್ಮಪ್ಪನ ಬಸ್ಸು" ಎನ್ನುತ್ತಾಳೆ, ಅಪ್ಪನೇ ಖರೀದಿ ಮಾಡಿ ತಂದ ಹಾಗೆ.

ಗುಳಿಗೆಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡು ಅವನು ಹೊರಬಂದ. ಏನು ತಿನ್ನಬಾರದು ಎಂದು ಬರೆದ ಇನ್ನೊಂದು ಕಾಗದವೂ ಇತ್ತು. ಅದರಲ್ಲಿ ಎಣ್ಣೆಯಲ್ಲಿ ಕರಿದದ್ದು ಎಂಬುದೇ ಮೊದಲ ಸಾಲು.

ಆ ಸಾಲು ಓದಿದಾಗ ಅವನ ಕಣ್ಣಿಗೆ ಕಟ್ಟಿದ್ದು ಮೈಲಪ್ಪನ ಮುಖ.

ಹಾವೇರಿಯಿಂದ ಹೊರಟು ಬ್ಯಾಡಗಿಗೆ ಹೋಗಿ, ಅಲ್ಲಿಂದ ರಾಣೆಬೆನ್ನೂರು ಮುಟ್ಟಿ, ಬಂದ ದಾರಿಯಲ್ಲೇ ತಿರುಗಿ ಬರುವುದು ಅವನ ಡ್ಯೂಟಿ. ದಿನಕ್ಕೆ ಮೂರು ಸುತ್ತು. ಬ್ಯಾಡಗಿಯಲ್ಲಿ ಹೋಗುವಾಗ ಹತ್ತು ನಿಮಿಷ, ಬರುವಾಗ ಹತ್ತು ನಿಮಿಷ ನಿಲುಗಡೆ. ಅಂದರೆ ದಿನಕ್ಕೆ ಆರು ಸಲ ಅವನು ಬ್ಯಾಡಗಿ ಸ್ಟ್ಯಾಂಡಿನಲ್ಲಿ ಇಳಿಯುತ್ತಾನೆ, ಆರು ಸಲವೂ ಗೇಟಿನ ಪಕ್ಕದ ಮೈಲಪ್ಪನ ಹೋಟೆಲಿನಲ್ಲಿ ಕೂರುತ್ತಾನೆ. ಬಸ್ಸು ಹೋಟೆಲಿನ ಬಾಗಿಲಿಗೇ ನಿಲ್ಲುವುದರಿಂದ ಪ್ಯಾಸೆಂಜರುಗಳು ಇಳಿದು ಅಲ್ಲಿಯೇ ತಿನ್ನುತ್ತಾರೆ. ಡ್ರೈವರ್ ಕಂಡಕ್ಟರಿಗೆ ಪುಕ್ಕಟೆ. ಇದು ಎಲ್ಲಾ ಊರಿನ ರೂಢಿ. ಮೈಲಪ್ಪನದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಬಾಣಲೆಯಿಂದ ತೆಗೆದ ಮೊದಲ ಘಾಣದ ಭಜಿ ಡ್ರೈವರ್ ಪ್ಲೇಟಿಗೇ ಹೋಗಬೇಕು. ಡ್ರೈವರ್ ಒಂದು ತುಂಡು ಕಚ್ಚಿ "ಹೂಂ" ಅನ್ನುವ ತನಕ ಗಿರಾಕಿಗೆ ಕೊಡುತ್ತಿರಲಿಲ್ಲ. ಅವನ ಅಪ್ಪನ ಕಾಲದಿಂದ ಬಂದ ನೇಮ ಅದು. ಹಾಗೆ ನಾಲ್ಕು ಮೆಣಸಿನಕಾಯಿ ಭಜಿ, ಒಂದು ಹಿಡಿ ಮಂಡಕ್ಕಿ, ಎರಡು ಚಮಚ ಸಕ್ಕರೆಯ ಚಹಾ, ದಿನಕ್ಕೆ ಆರು ಸಲ, ಏಳು ವರ್ಷ.

ಮನೆಯಲ್ಲಿ ಹೆಂಡತಿ ದ್ರಾಕ್ಷಾಯಿಣಿಗೆ ಇದರ ಲೆಕ್ಕವೇ ಗೊತ್ತಿರಲಿಲ್ಲ. "ಮನ್ಯಾಗ ಎರಡು ರೊಟ್ಟಿ ತಿಂತಾರ, ಮಕ್ಕಳು ಬಿಟ್ಟಿದ್ದು ಒಂದೀಟು ಬಳಕೋತಾರ, ಅಷ್ಟ. ಗಾಳಿಗೆ ದಪ್ಪ ಆಗ್ಯಾರ ನಮ್ಮನೀಯವರು," ಎಂದು ಓಣಿಯಲ್ಲಿ ಹೇಳುತ್ತಿದ್ದಳು.

ಶಿಬಿರದ ಮರುದಿನ ಬೆಳಿಗ್ಗೆ ಪ್ಲೇಟು ಎದುರಿಗೆ ಬಂದಾಗ ಹುಲಿಗೇಶ ಕೈಯಾಡಿಸಿದ.

"ಇವತ್ತ ಬ್ಯಾಡೋ ಮೈಲಪ್ಪ. ಹಸವಿಲ್ಲ."

ಮೈಲಪ್ಪ ಒಂದು ಭಜಿ ಮುರಿದು ತಾನೇ ಬಾಯಿಗೆ ಹಾಕಿಕೊಂಡ. ಖಾರ ಹೆಚ್ಚಾಗಿದೆಯೋ ಎಂದು ನೋಡಿದ. ಮಧ್ಯಾಹ್ನದ ನಿಲುಗಡೆಗೆ ಮೆಣಸಿನಕಾಯಿ ಬಿಟ್ಟು ಆಲೂಗಡ್ಡೆಯ ಭಜಿ ಮಾಡಿ ಇಟ್ಟ. ಹುಲಿಗೇಶ ಅದರಲ್ಲಿ ಎರಡು ತಿಂದ. ಅಷ್ಟು ಮಾಡಿದವನ ಮುಖ ನೋಡಿ ತಿನ್ನದೆ ಏಳುವುದು ಅವನಿಂದ ಆಗಲಿಲ್ಲ. ಮುಂದಿನ ಸೋಮವಾರ ಒಂದು ಉಪಾಯ ಹೊಳೆಯಿತು.

"ಇವತ್ತ ಉಪವಾಸ ನಂದು."

"ಮೊದಲ ಹೇಳಬಾರದೇನಪಾ," ಎಂದ ಮೈಲಪ್ಪ. ಅರ್ಧ ಗಂಟೆಯಲ್ಲಿ, ಎಂದರೆ ಬಸ್ಸು ರಾಣೆಬೆನ್ನೂರಿನಿಂದ ತಿರುಗಿ ಬರುವುದಕ್ಕಿಂತ ಎಷ್ಟೋ ಮೊದಲೇ, ಸಾಬೂದಾಣಿ ಖಿಚಡಿ ತಯಾರಾಗಿತ್ತು. ಮೇಲೆ ಶೇಂಗಾ ಪುಡಿ, ಒಂದು ಸೌಟು ತುಪ್ಪ, ಪಕ್ಕದಲ್ಲಿ ಎರಡು ಬಾಳೆಹಣ್ಣು.

ಖರೇ ಸಂಗತಿ ಹೇಳಿದ್ದರೆ ಆವತ್ತೇ ಮುಗಿಯುತ್ತಿತ್ತು. ಆದರೆ ಹುಲಿಗೇಶನಿಗೆ ಅದೊಂದು ಮಾತು ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ. ಸ್ಟ್ಯಾಂಡಿನಲ್ಲಿ ಒಬ್ಬ ಡ್ರೈವರಿಗೆ ಶುಗರ್ ಎಂದು ಗೊತ್ತಾದರೆ ಸಂಜೆಯೊಳಗೆ ಅದು ಮೂರು ತಾಲೂಕಿನ ಸ್ಟ್ಯಾಂಡಿಗೆ ಮುಟ್ಟುತ್ತದೆ, ಮರುದಿನ ಅವನ ಹೆಸರಿನ ಹಿಂದೆ ಅದೇ ಅಡ್ಡಹೆಸರಾಗುತ್ತದೆ. ಅದಕ್ಕಿಂತಲೂ ಒಳಗಿನ ಕಾರಣ ಇನ್ನೊಂದಿತ್ತು: ಬಾಯಿಬಿಟ್ಟು ಹೇಳುವ ತನಕ ಆ ರೋಗ ಡಾಕ್ಟರರ ಕಾಗದದ್ದು, ಹೇಳಿದ ಮೇಲೆ ತನ್ನದು.

ಅತ್ತ ಮೈಲಪ್ಪನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಸ್ಟ್ಯಾಂಡಿನ ಇನ್ನೊಂದು ಗೇಟಿನ ಬಳಿ ಸಂಕ್ರಾಂತಿಗೆ ಹೊಸ ಹೋಟೆಲು ಶುರುವಾಗಿತ್ತು, ಗಾಜಿನ ಬಾಗಿಲು, ಫ್ಯಾನಿನ ಗಾಳಿ. ಡ್ರೈವರ್ ಪ್ಲೇಟಿಗೆ ಕೈ ಹಿಂತೆಗೆಯುತ್ತಿದ್ದಾನೆ ಎಂದರೆ ಬಸ್ಸು ಅತ್ತ ತಿರುಗುವ ಸೂಚನೆಯೇ ಎಂದು ಅವನು ತಿಳಿದ. ತಿಳಿದ ಮೇಲೆ ಕೈ ಕಟ್ಟಿ ಕೂರುವ ಆಸಾಮಿ ಅವನಲ್ಲ. ಭಜಿಯ ಪಕ್ಕ ಜಿಲೇಬಿ ಬಂತು. ಚಹಾದ ಬದಲು ಕೆನೆ ಹಾಲಿನ ಕಾಫಿ ಬಂತು. ಶನಿವಾರ ದುರ್ಗಾಳ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಕೊಟ್ಟು, "ಮನಿಗೆ ಮುಟ್ಟಸವಾ, ವೈನಿಯವರಿಗೆ," ಎಂದ. ಒಳಗೆ ಇಪ್ಪತ್ತು ಶೇಂಗಾ ಹೋಳಿಗೆ. ದ್ರಾಕ್ಷಾಯಿಣಿ ಹಿಗ್ಗಿದಳು. ಮಕ್ಕಳು ಎರಡೆರಡು ತಿಂದು ಸಾಕೆಂದರು. ಉಳಿದದ್ದನ್ನು ಕೆಡಿಸಬಾರದೆಂದು ಹುಲಿಗೇಶ ಮೂರು ದಿನ ತಿಂದ.

ಗುಳಿಗೆಯದೂ ಒಂದು ಕತೆಯಾಯಿತು. ಡಾಕ್ಟರ್ ಬರೆದದ್ದು ಮೈಯ ನೀರು ಇಳಿಸುವ ಗುಳಿಗೆ. ನುಂಗಿದ ಮೊದಲ ದಿನ ಮೋಟೆಬೆನ್ನೂರು ದಾಟುವುದರೊಳಗೆ ಹೊಟ್ಟೆಯ ಕೆಳಗೆ ಗಂಟು ಹಾಕಿದಂತಾಯಿತು. ಬಸ್ಸಿನಲ್ಲಿ ನಿಂತವರೂ ಸೇರಿ ಅರವತ್ತು ಜನ. ಹೆದ್ದಾರಿಯ ಬದಿಗೆ ಗಾಡಿ ನಿಲ್ಲಿಸಿ, ಅಷ್ಟು ಜನರ ಕಣ್ಣ ಮುಂದೆ ಡ್ರೈವರ್ ಇಳಿದು ಗಿಡದ ಮರೆಗೆ ಹೋಗುವುದೆಂದರೆ ಏನು. ರಾಣೆಬೆನ್ನೂರು ಮುಟ್ಟುವ ತನಕ ಹಲ್ಲು ಕಚ್ಚಿಕೊಂಡು ಬಂದ. ಮರುದಿನದಿಂದ ಡ್ಯೂಟಿ ಇದ್ದ ದಿನ ಗುಳಿಗೆ ಬಿಟ್ಟ, ವಾರದ ರಜೆಯ ದಿನ ಮಾತ್ರ ನುಂಗಿದ. ಒಳ್ಳೆಯ ವ್ಯವಸ್ಥೆ ಮಾಡಿಕೊಂಡೆ ಎಂದೇ ಅವನ ನಂಬಿಕೆ.

ಫೆಬ್ರುವರಿಯ ನಡುವೆ ಡಾಕ್ಟರ್ ಹುಮಾ ಅವರ ದವಾಖಾನೆಗೆ ಹೋದಾಗ ತೂಕ ನೂರಾ ಒಂಬತ್ತು. ಒತ್ತಡ ಇದ್ದಲ್ಲೇ ಇತ್ತು.

"ಗುಳಗಿ ತಗೊಳ್ಳಾಕತ್ತೀರಿ?"

"ಹೂನ್ರಿ."

"ದಿನಾ?"

"ದಿನಾ ರೀ."

ಅವರು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಹಂಗಿದ್ರ ಜಾಸ್ತಿ ಮಾಡಬೇಕಾಗತೈತಿ," ಎಂದು ಇನ್ನೊಂದು ಬರೆದರು. ಆ ಚೀಟಿಯೂ ಕಿಸೆ ಸೇರಿತು.

ಅದಾದ ಎಂಟು ದಿನಕ್ಕೆ ಗುರುವಾರ. ಮೆಣಸಿನಕಾಯಿ ಪೇಟೆಯ ದಿನ. ಬ್ಯಾಡಗಿಯ ಗಾಳಿಯೇ ಘಾಟು, ಬಸ್ಸಿನೊಳಗೆ ಅರ್ಧ ಜನ ಸೀನುತ್ತಿದ್ದರು. ಮೈಲಪ್ಪ ಆವತ್ತು ಗೋಧಿ ಹುಗ್ಗಿ ಮಾಡಿಸಿದ್ದ. "ಮೊಮ್ಮಗನ ಹೆಸರಿಟ್ಟೇವಿ, ಇದಕ್ಕೂ ಬ್ಯಾಡ ಅಂದ್ರ ನೋಡು," ಎಂದ. ಹುಲಿಗೇಶ ಬಟ್ಟಲು ಖಾಲಿ ಮಾಡಿದ. ಮೈಲಪ್ಪ ಇನ್ನೊಂದು ಸೌಟು ಬಡಿಸಿದ. ಎರಡು ಹತ್ತಕ್ಕೆ ಬಸ್ಸು ಬಿಟ್ಟಿತು.

ಮೋಟೆಬೆನ್ನೂರು ದಾಟಿದ ಮೇಲೆ ರಸ್ತೆ ನೆಟ್ಟಗೆ. ಬಿಸಿಲು ಗಾಜಿನ ಮೇಲೆ. ಅವನಿಗೆ ನೆನಪಿರುವುದು ಎದುರಿಗೆ ಒಂದು ಹಳದಿ ಟ್ರ್ಯಾಕ್ಟರು ದೂರದಲ್ಲಿದ್ದದ್ದು. ಆಮೇಲಿನ ನೆನಪು ಅದು ಹತ್ತಿರದಲ್ಲಿದ್ದದ್ದು. ನಡುವಿನದು ಇಲ್ಲ. ಎಡಗಡೆಯ ಚಕ್ರ ಡಾಂಬರಿನಿಂದ ಇಳಿದು ಬದಿಯ ಗರಸು ಮಣ್ಣಿನ ಮೇಲೆ ಗರಗರ ಎಂದಿತು, ದುರ್ಗಾಳ ಸೀಟಿ ಕಿವಿಯ ಹತ್ತಿರವೇ ಕೂಗಿತು, ಅವನ ಕೈ ತಾನಾಗಿ ಸ್ಟೇರಿಂಗನ್ನು ಬಲಕ್ಕೆ ಎಳೆಯಿತು. ಬಸ್ಸು ಒಮ್ಮೆ ತೂಗಿ ನೆಟ್ಟಗಾಯಿತು. ಮೇಲಿನಿಂದ ಯಾರದೋ ಒಂದು ಚೀಲ ಬಿತ್ತು. ನಿದ್ದೆಯಲ್ಲಿದ್ದ ಒಬ್ಬ ಮುದುಕ ಕಣ್ಣು ತೆರೆದು, "ಕಾಕೋಳ ಬಂತೇನ?" ಎಂದು ಕೇಳಿ ಮತ್ತೆ ಮಲಗಿದ. ಅಷ್ಟೇ.

ರಾಣೆಬೆನ್ನೂರಿನಲ್ಲಿ ಜನ ಇಳಿದ ಮೇಲೆ ಹುಲಿಗೇಶ ಸೀಟಿನಿಂದ ಏಳಲಿಲ್ಲ. ದುರ್ಗಾ ಬಂದು ಅವನ ಎದುರಿಗೆ ಬಾನೆಟ್ಟಿನ ಮೇಲೆ ಕೂತಳು. ಸೀಟಿನ ಮೇಲಿನ ಪೆಟ್ಟಿಗೆಗೆ ಕೈ ಹಾಕಿ, ಅವನು ಅಲ್ಲಿ ಬಚ್ಚಿಡುವುದನ್ನು ಎಂದೋ ಕಂಡಿದ್ದ ಗುಳಿಗೆಯ ಪಟ್ಟಿಗಳನ್ನು ತೆಗೆದು ಮಡಿಲಲ್ಲಿ ಹಾಸಿಕೊಂಡಳು.

"ಒಂದೂವರೆ ತಿಂಗಳಿಗೆ ಏಳು ಗುಳಗಿ ಖಾಲಿ ಆಗ್ಯಾವ," ಎಂದಳು.

"ರಸ್ತಾದಾಗ ಒಂದಕ್ಕ ಬರತೈತಿ ಬೇ ಅವಕ್ಕ. ಗಾಡಿ ಎಲ್ಲಿ ನಿಂದರಸಲಿ?"

"ಇದನ್ನ ಡಾಕ್ಟರಿಗೆ ಹೇಳೀರಿ?"

ಅವನು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

"ಮೈಲಪ್ಪಣ್ಣಗ?"

ಅವನು ಕಿಟಕಿಯಾಚೆ ಮುಖ ತಿರುಗಿಸಿದ.

"ಅಣ್ಣಾರ, ನನ್ನ ಮಗಾ ಮೂರು ವರ್ಷದಾಂವ. ದಿನಾ ಅಂವ ಮಲಗಿದ್ದಾಗ ಎದ್ದು ಬರತೇನಿ. ನೀವು ಚೊಲೋ ಹೊಡೀತೀರಿ ಅಂತ ಧೈರ್ಯಾದ ಮ್ಯಾಲೆ ನಿಮಗ ಬೆನ್ನು ಕೊಟ್ಟು ಟಿಕೀಟ್ ಕೊಡತೇನಿ. ಇವತ್ತು ಆ ಧೈರ್ಯ ಹೋತು ನೋಡ್ರಿ." ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ. "ತಿರುಗಿ ಹೋಗೂವಾಗ ಬ್ಯಾಡಗ್ಯಾಗ ಮೈಲಪ್ಪಣ್ಣಗ ನೀವ ಹೇಳ್ರಿ. ನಾಳೆ ದವಾಖಾನಿಗೆ ಹೋಗ್ರಿ. ಇಲ್ಲಂದ್ರ ನಾ ಮ್ಯಾನೇಜರ್ ಸಾಹೇಬ್ರಿಗೆ ಹೇಳತೇನಿ. ನೀವು ಆಮ್ಯಾಲೆ ನನ್ನ ಜೋಡಿ ಮಾತು ಬಿಟ್ಟರೂ ಬಿಡ್ರಿ."

ಆ ತಿರುಗು ದಾರಿಯನ್ನು ಅವನು ಗಾಜು ಪೂರಾ ಇಳಿಸಿ, ನೀರು ಮುಖಕ್ಕೆ ಸೋಕಿಸಿಕೊಂಡು, ನಲವತ್ತರ ಮೇಲೆ ಮುಳ್ಳು ಏರಗೊಡದೆ ಓಡಿಸಿದ. ಸುಶ್ಮಿತಾ ಅವನ ಹಿಂದಿನ ಸೀಟಿನಲ್ಲೇ ಕೂತಿದ್ದಳು, ಕಿವಿಗೆ ವೈರು ಹಾಕಿಕೊಂಡು, ಏನೂ ಗೊತ್ತಿಲ್ಲದೆ. ಕನ್ನಡಿಯಲ್ಲಿ ಅವಳ ನೆತ್ತಿ ಕಾಣುತ್ತಿತ್ತು. ಇಪ್ಪತ್ತೊಂದು ವರ್ಷದಲ್ಲಿ ಕನ್ನಡಿಗೆ ಅವನು ಅಷ್ಟು ಸಲ ಕಣ್ಣು ಹಾಕಿರಲಿಲ್ಲ.

ಮೈಲಪ್ಪನ ಹೋಟೆಲು ತುಂಬಿತ್ತು. ಪೇಟೆ ಮುಗಿಸಿ ಬಂದ ಹಮಾಲರು, ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರು, ಕಾಗಿನೆಲೆಯ ಬಸ್ಸಿಗೆ ಕಾಯುತ್ತಿದ್ದವರು. ಹುಲಿಗೇಶ ಒಳಗೆ ಬಂದು ಕೂತೊಡನೆ ಪ್ಲೇಟು ಬಂತು: ಭಜಿ, ಅದರ ಮೇಲೆ ಜಿಲೇಬಿ.

"ಮೈಲಪ್ಪ, ಕುಂದರು."

"ಗಿರಾಕಿ ಅದಾವಪಾ."

"ಕುಂದರು ಅಂದೆ."

ಮೈಲಪ್ಪ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಎದುರಿನ ಬೆಂಚಿನ ತುದಿಗೆ ಕೂತ. ಹೆಣ ನೋಡಲು ಬಂದವನ ಮುಖ ಅವನದು. ಹುಲಿಗೇಶ ಮೆಲ್ಲಗೆ ಹೇಳಬೇಕೆಂದು ದಾರಿಯುದ್ದ ತಯಾರಿ ಮಾಡಿಕೊಂಡು ಬಂದಿದ್ದ. ಆದರೆ ಬಸ್ಸಿನ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲು ಅದು. ಹೊರಟ ಮಾತು ಒಲೆಯ ತನಕ ಕೇಳಿಸಿತು.

"ನನಗ ಬೀಪಿ ಐತಿ. ಶುಗರೂ ಐತಿ. ನೂರಾ ಒಂಬತ್ತು ಕಿಲೋ ಅದೇನಿ. ಇವತ್ತ ನಿನ್ನ ಹುಗ್ಗಿ ಉಂಡು ಗಾಡಿ ಮ್ಯಾಲೆ ಕಣ್ಣು ಮುಚ್ಚೇನಿ. ಹಿಂಗ ಆದ್ರ ಏಪ್ರಿಲ್ ಹತ್ತಕ್ಕ ನನ್ನ ಗಾಡಿ ಇಳಸ್ತಾರ. ಇಳಸಬೇಕ ಮತ್ತ."

ಒಲೆಯ ಹತ್ತಿರದವರೂ ತಿರುಗಿ ನೋಡಿದರು.

"ಅಂದ್ರ," ಎಂದ ಮೈಲಪ್ಪ ನಿಧಾನವಾಗಿ, "ಆ ಗಾಜಿನ ಹೋಟೆಲಿಗೆ ಹೊಂಟಿಲ್ಲ ನೀ?"

"ಯಾವ ಗಾಜಿನ ಹೋಟೆಲ?"

ಮೈಲಪ್ಪ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಇಷ್ಟು ಹೇಳಾಕ ನಿನಗ ಒಂದೂವರೆ ತಿಂಗಳು ಬೇಕಾತೇನೋ? ನೀ ಮುನಿಸ್ಕೊಂಡಿ ಅಂತ ತಿಳದು ಒಂದು ಡಬ್ಬಿ ತುಪ್ಪ ಸುರದೇನಲ್ಲೋ ನಿನ್ನ ಮ್ಯಾಲೆ. ನಾನ ನಿನ್ನ ಕೊಲ್ಲಾಕತ್ತಿದ್ದೆ, ನೀ ಕುಂತು ತಿನ್ನಾಕತ್ತಿದ್ದಿ."

ಮೊದಲು ನಕ್ಕದ್ದು ದುರ್ಗಾ. ಆಮೇಲೆ ಮೂಲೆಯ ಮೇಜಿನಿಂದ ಒಬ್ಬ ದಪ್ಪ ಹಮಾಲ, ಶಾಬುದ್ದೀನ ಅಂತ, ಎಲ್ಲರಿಗೂ ಪರಿಚಯದವನು, ಚಹಾದ ಕಪ್ಪನ್ನು ಕೆಳಗಿಟ್ಟು ಹೇಳಿದ: "ನನಗೂ ಐತ್ರಿ ಶುಗರ್. ಒಂದು ವರ್ಷ ಆತು. ಮನ್ಯಾಗ ಹೇಳಿಲ್ಲ." ಅವನ ಪಕ್ಕದವನು ತಿರುಗಿ ನೋಡಿ, "ನಿನಗೂ ಐತೇನ? ನಂದು ಬೀಪಿ," ಎಂದ. ತೊಟ್ಟು ಮುರಿಯುವ ಹೆಂಗಸರಲ್ಲಿ ಒಬ್ಬಳು, ಕಾಲು ಬಾತು ನೆಲದ ಮೇಲೆ ಕೂರಲಾಗದೆ ತಾನು ಡಬ್ಬದ ಮೇಲೆ ಕೂತು ಕೆಲಸ ಮಾಡುವುದನ್ನು ಹೇಳಿದಳು. ಸ್ಟ್ಯಾಂಡಿನಲ್ಲಿ ಪೇರಲ ಹಣ್ಣು ಮಾರುವ ಮಂಗಳವ್ವ ಬಾಗಿಲಲ್ಲೇ ನಿಂತು, "ನಾ ಎಂದೂ ತೋರಸೇ ಇಲ್ಲ ಯವ್ವಾ, ತೋರಸಿದ್ರ ಐತಿ ಅಂತಾರ ಅಂತ," ಎಂದಳು. ಹತ್ತು ನಿಮಿಷದ ನಿಲುಗಡೆಯೊಳಗೆ ಆ ಸಣ್ಣ ಹೋಟೆಲಿನಲ್ಲಿ ಏಳು ಜನ ತಮ್ಮ ತಮ್ಮ ಗುಟ್ಟು ಮೇಜಿನ ಮೇಲಿಟ್ಟರು. ಇದು ತನ್ನೊಬ್ಬನ ಹಣೆಬರಹ ಎಂದು ಹುಲಿಗೇಶ ಇಷ್ಟು ದಿನ ತಿಳಿದಿದ್ದ. ಎದೆಯ ಮೇಲಿನಿಂದ ಒಂದು ಮೂಟೆ ಯಾರೋ ಎತ್ತಿಕೊಂಡು ಹೋದಂತಾಯಿತು.

ಉಳಿದದ್ದು ಮೈಲಪ್ಪನ ಸಂಕಟ. "ಅಪ್ಪನ ನೇಮ ಐತಲ್ಲೋ. ಮೊದಲ ಘಾಣ ಡ್ರೈವರ್ ತಿನ್ನದ ವ್ಯಾಪಾರ ಹೆಂಗ ಮಾಡಲಿ?"

"ಘಾಣ ಅಂದ್ರ ಭಜೀದ ಇರಬೇಕೇನ್ರಿ?" ಎಂದಳು ದುರ್ಗಾ. "ಮೊದಲ ಒಲಿ ಮ್ಯಾಲೆ ಏರಿದ್ದು ಯಾವುದೋ ಅದು ಡ್ರೈವರಿಗೆ. ಏರಸೂದು ನಿಮ್ಮ ಕೈಯಾಗ ಐತಿ."

ಮೈಲಪ್ಪ ಗೋಡೆಯ ಮೇಲಿನ ಅಪ್ಪನ ಫೋಟೋ ಕಡೆ ನೋಡಿದ. "ನಡೀತೈತಿ," ಎಂದ.

ಮರುದಿನ ಹುಲಿಗೇಶ ಹೆಂಡತಿಯನ್ನು ಕರೆದುಕೊಂಡು ದವಾಖಾನೆಗೆ ಹೋದ. ಗುಳಿಗೆಯ ಸಂಗತಿ ಕೇಳಿ ಡಾಕ್ಟರ್ ಹುಮಾ ಪೆನ್ನು ಕೆಳಗಿಟ್ಟರು.

"ನಿಮ್ಮ ಕೆಲಸ ಕೇಳದ ನೀರಿನ ಗುಳಗಿ ಬರದಿದ್ದು ನನ್ನ ತಪ್ಪು. ತಗೊಳ್ಳದ ತಗೊಂಡೇನಿ ಅಂದಿದ್ದು ನಿಮ್ಮ ತಪ್ಪು. ಬ್ಯಾರೆ ಗುಳಗಿ ಅದಾವ್ರಿ, ಅದರಾಗ ಈ ತ್ರಾಸ ಇಲ್ಲ. ಒಂದು ಮಾತು ಮೊದಲ ಹೇಳಿದ್ರ ಇಷ್ಟೊತ್ತಿಗೆ ಅರ್ಧ ಕೆಲಸ ಆಗಿರತಿತ್ತು."

ಹತ್ತು ದಿನ ಗಾಡಿ ಮುಟ್ಟಬಾರದು ಎಂದು ಕಟ್ಟಾಗಿ ಹೇಳಿದರು. ನಿದ್ದೆಯಲ್ಲಿ ಗೊರಕೆ ಹೇಗೆ ಎಂದು ಕೇಳಿದಾಗ ದ್ರಾಕ್ಷಾಯಿಣಿ, "ರೈಲ್ ಬಂದಂಗ ಬರತೈತ್ರಿ. ನಡಬರಕ ನಿಂತ ಬಿಡತೈತಿ. ಆವಾಗ ನಾನ ನೂಕತೇನಿ," ಎಂದಳು. ಡಾಕ್ಟರ್ ಅದನ್ನೂ ಬರೆದುಕೊಂಡರು. ಒಂದು ಮಗ್ಗುಲಿಗೆ ಮಲಗಬೇಕು, ತೂಕ ಇಳಿದರೆ ಅದೂ ಇಳಿಯುತ್ತದೆ, ಇಳಿಯದಿದ್ದರೆ ಹುಬ್ಬಳ್ಳಿಗೆ ಕಳಿಸುತ್ತೇನೆ ಎಂದರು. ಹೊರಗೆ ಬಂದ ಮೇಲೆ ದ್ರಾಕ್ಷಾಯಿಣಿ ಕೇಳಿದ್ದು ಒಂದೇ: "ದಿನಕ್ಕ ಆರು ಪ್ಲೇಟೇನ್ರಿ?" ಮನೆ ಮುಟ್ಟುವ ತನಕ ಅದನ್ನೇ ನಾಲ್ಕು ಸಲ ಕೇಳಿದಳು.

ರಜೆ ಮುಗಿದು ಗಾಡಿ ಹತ್ತಿದ ಮೊದಲ ಬೆಳಿಗ್ಗೆ, ಬ್ಯಾಡಗಿಯಲ್ಲಿ ಪ್ಲೇಟು ತಯಾರಿತ್ತು. ಬಾಣಲೆ ಏರುವ ಮೊದಲು ಅದೇ ಒಲೆಯ ಮೇಲೆ ಆದ ಮೊಳಕೆ ಹೆಸರಿನ ಉಸುಳಿ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಸಕ್ಕರೆ ಇಲ್ಲದ ಚಹಾ. ಹುಲಿಗೇಶ ಒಂದು ಚಮಚ ತಿಂದು "ಹೂಂ" ಎಂದ. ಮೈಲಪ್ಪ ಆಮೇಲೆ ಭಜಿಗೆ ಎಣ್ಣೆ ಇಟ್ಟ. ದಿನಕ್ಕೆ ಒಂದೇ ಸಲ ಈ ಪ್ಲೇಟು. ಉಳಿದ ಐದು ನಿಲುಗಡೆಗೆ ತಿನ್ನುವುದಿಲ್ಲ, ನಡೆಯುವುದು.

ಅದು ಅವನದೇ ಲೆಕ್ಕ. ಡಾಕ್ಟರ್ ದಿನಾ ನಡೆಯಬೇಕು ಎಂದಾಗ, ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಮನೆ ಸೇರುವವನಿಗೆ ಹೊತ್ತು ಎಲ್ಲಿಂದ ಬರಬೇಕು ಎಂದು ಅವನು ಕೇಳಿದ್ದ. ಕೇಳಿದ ಮೇಲೆ ತಾನೇ ಉತ್ತರ ಕಂಡುಕೊಂಡ: ನಿಲುಗಡೆಯ ಹತ್ತು ಹತ್ತು ನಿಮಿಷ. ಸ್ಟ್ಯಾಂಡಿನ ಗೋಡೆಗುಂಟ ಒಂದು ಸುತ್ತಿಗೆ ಮೂರು ನಿಮಿಷ. ಮೊದಲ ದಿನ ಒಂದು ಸುತ್ತಿಗೇ ಏದುಸಿರು ಬಂತು, ಬಸ್ಸಿನ ಬಾಗಿಲು ಹಿಡಿದು ನಿಂತ.

"ಏನ್ ಡ್ರೈವರ್ರ, ಬಸ್ಸು ಬಿಟ್ಟು ನೀವ ಟ್ರಿಪ್ ಹೊಡ್ಯಾಕತ್ತೀರಲ್ಲ," ಎಂದಳು ಮಂಗಳವ್ವ ಬುಟ್ಟಿಯ ಹಿಂದಿನಿಂದ.

"ಬರತೀಯೇನವಾ? ಸೀಟ್ ಖಾಲಿ ಐತಿ."

"ಟಿಕೀಟ್ ಎಷ್ಟು?"

"ಪೇರಲ ಒಂದು."

ಮಂಗಳವ್ವ ಬರಲಿಲ್ಲ. ಆದರೆ ಎರಡನೇ ವಾರ ಶಾಬುದ್ದೀನ ಸೇರಿಕೊಂಡ, ಅವನ ಹಿಂದೆ ಇನ್ನಿಬ್ಬರು ಹಮಾಲರು. ರಾಣೆಬೆನ್ನೂರು ಕಡೆಯ ಇನ್ನೊಬ್ಬ ಡ್ರೈವರು ತನ್ನ ನಿಲುಗಡೆಯಲ್ಲಿ ಅದೇ ಉಸುಳಿ ಕೇಳಿದ. ಹುಲಿಗೇಶ ಹೆದರಿದ್ದಂತೆ ಅಡ್ಡಹೆಸರೂ ಬಂತು. ಸ್ಟ್ಯಾಂಡಿನವರು ಅವನನ್ನು "ಉಸುಳಿ ಹುಲಿಗೇಶ" ಎನ್ನತೊಡಗಿದರು. ಕರೆದರೆ ಅವನು ತಿರುಗಿ ನೋಡುತ್ತಿದ್ದ, ಅಷ್ಟೇ. ಕೆಟ್ಟ ದಿನಗಳೂ ಇದ್ದವು. ಹೋಳಿ ಹುಣ್ಣಿಮೆಯ ದಿನ ಮನೆಯಲ್ಲಿ ನಾಲ್ಕು ಹೋಳಿಗೆ ತಿಂದು ಮರುದಿನ ದುರ್ಗಾಳ ಕಣ್ಣು ತಪ್ಪಿಸಿದ. ಅವಳು ಕೇಳಲಿಲ್ಲ, ಆವತ್ತು ಎರಡು ನಿಮಿಷ ತಡವಾದರೂ ಇರಲಿ ಎಂದು ಮೂರರ ಬದಲು ನಾಲ್ಕನೇ ಸುತ್ತಿಗೆ ಕಳಿಸಿದಳು.

ಏಪ್ರಿಲ್ ಹತ್ತು. ಡಿಪೋದ ಅದೇ ಕೋಣೆ. ಹುಲಿಗೇಶ ಬೂಟು ಕಳೆದು, ಮೊಬೈಲು ತೆಗೆದಿಟ್ಟು, ಯಾರೂ ಹೇಳುವ ಮೊದಲೇ ಯಂತ್ರದ ಮೇಲೆ ನಿಂತ. ನೂರಾ ಮೂರು. ಬರಿಹೊಟ್ಟೆಯ ಶುಗರ್ ನೂರಾ ಹದಿನೆಂಟು. ಒತ್ತಡ ನೋಡುವ ಪಟ್ಟಿ ತೋಳಿಗೆ ಸುತ್ತಿದಾಗ ಮಾತ್ರ ಅವನ ಎದೆ ಡೋಲು ಬಡಿಯತೊಡಗಿತು.

"ನೂರಾ ಐವತ್ನಾಲ್ಕು," ಎಂದಳು ನರ್ಸು.

ಅವನ ಮುಖದ ಬಣ್ಣ ಇಳಿಯಿತು. ಡಾಕ್ಟರ್ ಹುಮಾ ಕಾಗದದಿಂದ ತಲೆ ಎತ್ತಲಿಲ್ಲ. "ಓಡಿ ಬಂದಾರ ಅವರು, ಹೆದರ್ಯಾರ. ಕುರ್ಚಿ ಮ್ಯಾಲೆ ಬೆನ್ನು ಆನಿಸಿ ಕುಂದ್ರಸು. ಕಾಲು ನೆಲಕ್ಕ ಇರಲಿ. ಐದು ನಿಮಿಷ ಮಾತಾಡಬ್ಯಾಡ್ರಿ."

ಆ ಐದು ನಿಮಿಷ ಅವನು ಕಿಟಕಿಯಾಚೆ ನೋಡುತ್ತ ಕೂತ. ಅವನ ಬಸ್ಸು ಅಲ್ಲಿಯೇ ನಿಂತಿತ್ತು, ತೊಳೆದ ನೀರು ಇನ್ನೂ ಬದಿಯಿಂದ ಇಳಿಯುತ್ತಿತ್ತು. ಬೇರೆ ಯಾರೋ ಡ್ರೈವರ್ ಅದರ ಬಾಗಿಲ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಿದ್ದ. ಅವನನ್ನು ಅಲ್ಲಿಂದ ಎಬ್ಬಿಸಬೇಕು ಎಂದು ಹುಲಿಗೇಶನಿಗೆ ಬಲವಾಗಿ ಅನಿಸಿತು. ಪಟ್ಟಿ ಮತ್ತೆ ತೋಳು ಹಿಸುಕಿತು.

"ನೂರಾ ಮೂವತ್ತೆರಡು, ಎಂಬತ್ನಾಲ್ಕು."

"ಇನ್ನೊಮ್ಮೆ ನೋಡು."

"ನೂರಾ ಮೂವತ್ತು, ಎಂಬತ್ನಾಲ್ಕು."

ಡಾಕ್ಟರ್ ಹುಮಾ ಸೀಲು ಒತ್ತಿ, ಸಹಿ ಹಾಕಿ, ಕಾಗದವನ್ನು ಅವನ ಕಡೆ ತಿರುಗಿಸಿದರು. "ಇನ್ನೂ ದಪ್ಪ ಅದೀರಿ. ಇನ್ನೂ ಇಳೀಬೇಕು, ಗುಳಗಿ ಬಿಡಬಾರದು. ಆದ್ರ ಗಾಡಿ ನಿಮ್ಮದ. ಒಂದು ವರ್ಷ ಯಾರೂ ಮುಟ್ಟಂಗಿಲ್ಲ."

ಹುಲಿಗೇಶ ಕೈ ಮುಗಿದ. ಹೊರಗೆ ಬಂದಾಗ ದುರ್ಗಾ ಟಿಕೀಟಿನ ಯಂತ್ರ ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದಳು. ಅವನು ಕಾಗದ ತೋರಿಸಿದ. ಅವಳು ಅದನ್ನು ತುದಿಯಿಂದ ತುದಿಗೆ ಓದಿದಳು, ನಡುವೆ ಒಂದು ಸಲ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಡೀರಿ ಮತ್ತ, ಲೇಟಾಗೈತಿ," ಎಂದಳು.

ಬೀಡಿ ಸೇದುತ್ತಿದ್ದವನನ್ನು ಎಬ್ಬಿಸಿ ಹುಲಿಗೇಶ ತನ್ನ ಸೀಟು ಏರಿದ.

ಬ್ಯಾಡಗಿಗೆ ಸುದ್ದಿ ಬಸ್ಸಿಗಿಂತ ಮೊದಲೇ ಮುಟ್ಟಿತ್ತು. ದುರ್ಗಾಳಿಂದ ತಿಳಿದು ಸುಶ್ಮಿತಾ ಅಲ್ಲಿಗೆ ಫೋನು ಮಾಡಿದ್ದಳು. ಬಸ್ಸು ಗ್ರಾಮದೇವತೆಯ ಗುಡಿಯ ತಿರುವು ಹಾಕಿ ಸ್ಟ್ಯಾಂಡಿಗೆ ನುಗ್ಗಿದಾಗ ಮೈಲಪ್ಪ ಹೋಟೆಲು ಬಿಟ್ಟು ನಡು ಅಂಗಳದಲ್ಲಿ ನಿಂತಿದ್ದ. ಹಮಾಲರು ಚೀಲ ಇಳಿಸುವುದನ್ನು ಬಿಟ್ಟು ಬಂದಿದ್ದರು. ಶಾಬುದ್ದೀನ ಕಿಟಕಿಯಿಂದಲೇ ಅವನ ಕೊರಳಿಗೆ ಮಾಲೆ ಹಾಕಲು ಹೋದಾಗ ಅದು ಕನ್ನಡಿಗೆ ಸಿಕ್ಕಿಕೊಂಡಿತು. ಹಾಗಾಗಿ ಮಾಲೆ ಬಸ್ಸಿಗೇ ಬಿತ್ತು. ಮೈಲಪ್ಪ ಉಸುಳಿಯ ಪಾತ್ರೆಯನ್ನೇ ಎತ್ತಿಕೊಂಡು ಬಂದು ಬಸ್ಸಿನೊಳಗೆ ಹತ್ತಿ, ಸಿಕ್ಕವರ ಕೈಗೆಲ್ಲ ಒಂದೊಂದು ಚಮಚ ಹಾಕತೊಡಗಿದ. ಒಬ್ಬ ಪ್ಯಾಸೆಂಜರು ಇದು ಯಾವ ದೇವರ ಪ್ರಸಾದ ಎಂದು ಕೇಳಿದ. ಮಂಗಳವ್ವ ಬುಟ್ಟಿ ಬಿಟ್ಟು ಬಂದು, "ನನ್ನನ್ನೂ ಆ ಡಾಕ್ಟರಮ್ಮನ ಕಡೆ ಕರಕೊಂಡು ಹೋಗವಾ," ಎಂದು ದುರ್ಗಾಳ ಕೈ ಹಿಡಿದಳು.

ಹುಲಿಗೇಶ ಎರಡೂ ಕೈಯನ್ನು ಸ್ಟೇರಿಂಗ್ ಮೇಲಿಟ್ಟುಕೊಂಡು ಎದುರಿನ ಗಾಜಿನಾಚೆ ನೋಡುತ್ತಿದ್ದ.

ಹತ್ತು ನಿಮಿಷ ಹದಿನೈದಾಯಿತು. ಮೂರನೇ ಸಾಲಿನಲ್ಲಿ ಗಂಟು ಮೂಟೆ ಕಾಲ ಮೇಲಿಟ್ಟುಕೊಂಡು ಕೂತಿದ್ದ ದೇವರಗುಡ್ಡದ ಮುದುಕಿಯೊಬ್ಬಳು ಕೈಯಲ್ಲಿದ್ದ ಉಸುಳಿ ತಿಂದು ಮುಗಿಸಿ, ಕೈ ಝಾಡಿಸಿ, ಮುಂದಕ್ಕೆ ಬಾಗಿ ಕೂಗಿದಳು:

"ಎಲ್ಲಾ ಚೊಲೋ ಆತಪಾ ಡ್ರೈವರ್. ನೂರು ವರ್ಷ ಹೊಡಿ ನೀ ಗಾಡಿ. ಈಗ ಬಿಡು, ರಾಣೆಬೆನ್ನೂರಾಗ ನನ್ನ ಮುಂದಿನ ಬಸ್ಸು ತಪ್ಪತೈತಿ."

ಹುಲಿಗೇಶ ಗೇರು ಹಾಕಿದ.